ಪಡುವಣ ಸಾಲಿನ ಹೊಂಗೆ

ಮುನಿಗಂಗಮ್ಮನ ಮನೆಯಲ್ಲಿ ಮರದ ಮಾತು ಎದ್ದದ್ದು ಊಟದ ಹೊತ್ತಿನಲ್ಲಿ. ಈಶ್ವರ ಸಂವತ್ಸರದ ಮಾಘ ಮಾಸ; ಅವರೆಕಾಯಿಯ ಕಾಲ ಮುಗಿಯುತ್ತ ಬಂದಿತ್ತು. ಸೊಸೆ ವೆಂಕಟರತ್ನಮ್ಮ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡಲು ಹೋದಾಗ ಅವನು ಕೈ ಅಡ್ಡ ಹಿಡಿದ. ಮುದ್ದೆ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಒಂದು ತುತ್ತು ನುಂಗಿ ಇನ್ನೊಂದು ತುತ್ತು ಮುರಿಯುವುದರೊಳಗೆ ದೊಡ್ಡವೆಂಕಟಪ್ಪ ಗೋಡೆಗೊರಗಿ ಉಸಿರು ಎಳೆದುಕೊಳ್ಳಬೇಕಾಗಿತ್ತು.

ಹದಿನೆಂಟು ವರ್ಷ ಚಿನ್ನದ ಗಣಿಯ ತಳದಲ್ಲಿ ಬಂಡೆ ಕೊರೆದವನು ಅವನು. ಕಲ್ಲಿನ ಪುಡಿ ಎದೆಯೊಳಗೆ ಕೂತುಬಿಟ್ಟಿತ್ತು. ದೀಪಾವಳಿಯ ಹೊತ್ತಿಗೆ ಕೆಲಸ ನಿಂತಿತು. ಇನ್ನು ಗಣಿಗೆ ಇಳಿಯಬೇಡ, ಧೂಳಿನ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಲವತ್ತರ ಗಂಡಸು ಬಾಗಿಲಿನಿಂದ ಬಾವಿಗೆ ಹೋಗಬೇಕಾದರೆ ನಡುವೆ ಒಮ್ಮೆ ಕೂರುತ್ತಿದ್ದ. ಮನೆಯಲ್ಲಿ ಉಣ್ಣುವ ಬಾಯಿ ಏಳು. ದುಡಿಯುವವನು ತಮ್ಮ ಆಂಜಿನಪ್ಪ ಒಬ್ಬನೇ. ಅವನು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ ಸೌದೆ ಡಿಪೋದಲ್ಲಿ ಗಾಡಿ ತುಂಬಿಸಿ ಸಂಜೆಯ ರೈಲಿಗೆ ಬರುತ್ತಿದ್ದ. ಎರಡು ತಿಂಗಳಿಂದ ಆ ಸಂಸಾರ ಸಾರಿಗೆ ಬೇಳೆ ಕಡಿಮೆ ಮಾಡುತ್ತ, ನೀರು ಜಾಸ್ತಿ ಮಾಡುತ್ತ ಬಂದಿತ್ತು.

ಆಂಜಿನಪ್ಪ ಕೈ ತೊಳೆದುಕೊಂಡು ಬಂದು ತಾಯಿಯ ಮುಂದೆ ಕೂತ.

"ನಾಳೆ ಸೊಣ್ಣಪ್ಪ ಮೇಸ್ತ್ರಿ ಬತ್ತಾನೆ, ಅಮ್ಮ."

"ಯಾತಕ್ಕೆ?"

"ಅಳತೆ ಆಕಾಕೆ. ಇತ್ಲಲ್ಲಿ ಆರು ರೂಮು ಕಟ್ಟಾನ ಅಂತ. ಅತ್ಗೆನೂ ಊ ಅಂದವ್ರೆ."

ಮುನಿಗಂಗಮ್ಮ ಸೊಸೆಯ ಕಡೆ ನೋಡಿದಳು. ವೆಂಕಟರತ್ನಮ್ಮ ಸೌಟನ್ನು ಪಾತ್ರೆಗೆ ಹಾಕಿ, ಹೌದು, ನಾನೇ ಹೇಳಿದೆ ಎಂದಳು. ಅವಳು ಮುಚ್ಚಿಡುವ ಹೆಂಗಸಲ್ಲ. ತವರಿನಿಂದ ತಂದಿದ್ದ ಓಲೆ, ಕಾಲಿನ ಚೈನು ಎಲ್ಲವನ್ನೂ ಮೇಸ್ತ್ರಿಗೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು.

ಹಿತ್ತಲು ಅಂದರೆ ಸಣ್ಣದಲ್ಲ. ಕೋರಮಂಡಲ್ ಸ್ಟೇಷನ್ ದಾಟಿ, ರೈಲು ಹಳಿಯಿಂದ ಅರ್ಧ ಮೈಲಿ ಆಚೆಗೆ, ಮುನಿಗಂಗಮ್ಮನ ಗಂಡ ಬಿಟ್ಟುಹೋದ ಸ್ವಂತ ಜಾಗ. ಮೂಡಲಿಗೆ ಬಾವಿ, ಬಾವಿಯ ಪಕ್ಕದಲ್ಲಿ ಕಟ್ಟೆ ಕಟ್ಟಿದ ಅರಳಿಮರ. ಪಡುವಲಿಗೆ ಬೇಲಿಯುದ್ದಕ್ಕೂ ಒಂಬತ್ತು ಹೊಂಗೆ ಮರ. ಹೊಂಗೆಯ ಆಚೆ ಒಂದು ಬೀಳುಹೊಲ. ಅದರಾಚೆ ಸೈನೈಡ್ ದಿಬ್ಬ. ಗಣಿಯವರು ಕಲ್ಲನ್ನು ಹಿಟ್ಟು ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಬೂದಿ ಬಣ್ಣದ ಮಣ್ಣನ್ನು ಮೂವತ್ತು ವರ್ಷದಿಂದ ಅಲ್ಲಿ ಸುರಿದು ಸುರಿದು ಅದೊಂದು ಗುಡ್ಡವೇ ಆಗಿತ್ತು.

ಮುದುಕಿ ಮದುವೆಯಾಗಿ ಬಂದ ಕಾಲದಲ್ಲಿ ಮಾರಿಕುಪ್ಪಂನಿಂದ ಈ ಹಳ್ಳಿಯವರೆಗೆ ನೆರಳಿನಲ್ಲೇ ನಡೆದು ಬರಬಹುದಾಗಿತ್ತು. ಈಗ ದಾರಿಯ ಬೇವು ಹೋಗಿತ್ತು, ಪಟೇಲರ ಹುಣಸೆ ತೋಪು ಹೋಗಿತ್ತು. ಆರ್ಕಾಟಿನಿಂದ, ಚಿತ್ತೂರಿನಿಂದ ಜನ ಬರುತ್ತಲೇ ಇದ್ದರು. ಗಣಿಯ ಲೈನುಮನೆಗಳಲ್ಲಿ ಒಂದೊಂದು ಕೋಣೆಗೆ ಎಂಟು ಹತ್ತು ಮಂದಿ. ರಾತ್ರಿ ಪಾಳಿಯವನು ಎದ್ದ ಚಾಪೆಯ ಮೇಲೆ ಹಗಲು ಪಾಳಿಯವನು ಮಲಗಬೇಕು. ಅವರಿಗೂ ತಲೆ ಮೇಲೆ ಸೂರು ಬೇಡವೇ? ಹಳ್ಳಿಯಲ್ಲಿ ಜಾಗವಿದ್ದವರೆಲ್ಲ ಮರ ಕಡಿದು ತಗಡಿನ ಸೂರು ಹಾಕಿ ಬಾಡಿಗೆ ರೂಮು ಕಟ್ಟಿದ್ದರು. ಮರ ಉಳಿದಿದ್ದದ್ದು ಈ ಒಂದು ಹಿತ್ತಲಿನಲ್ಲಿ. ಅದಕ್ಕೆ ಕಾರಣ ಪ್ರೀತಿಯೇನೂ ಅಲ್ಲ, ಅಲ್ಲಿಯವರೆಗೆ ದೊಡ್ಡವೆಂಕಟಪ್ಪನ ದುಡಿಮೆ ಸಾಕಾಗಿತ್ತು ಅಷ್ಟೆ.

ಸೊಣ್ಣಪ್ಪ ಮೇಸ್ತ್ರಿ ಮಾರನೆಯ ದಿನ ಹಗ್ಗ ಹಿಡಿದು ಬಂದ. ಎಲೆಯಡಿಕೆ ಹಾಕಿಕೊಂಡು ಹಿತ್ತಲೆಲ್ಲ ಸುತ್ತಿ, ಬಾವಿಯ ಹತ್ತಿರ ನಿಂತ. ನೀರು ಹತ್ತಿರ, ನೆಲ ಗಟ್ಟಿ, ರೂಮು ಇಲ್ಲೇ ಕಟ್ಟಬೇಕು ಎಂದ. ಹಾಗಾದರೆ ಅರಳಿ ಹೋಗಬೇಕಾಗಿತ್ತು.

ಮುನಿಗಂಗಮ್ಮ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟಳು. ಮದುವೆಯಾಗಿ ಏಳು ವರ್ಷ ಮಕ್ಕಳಿಲ್ಲದೆ, ಆ ಮರವನ್ನು ಸೋಮವಾರ ಸೋಮವಾರ ಒದ್ದೆ ಸೀರೆಯಲ್ಲಿ ಸುತ್ತಿದವಳು ಅವಳು. ನೂರೆಂಟು ಸುತ್ತು ಸುತ್ತಿ ಒಂದು ಚೊಂಬು ನೀರು ಬುಡಕ್ಕೆ ಹೊಯ್ಯುವುದು. ದೊಡ್ಡವೆಂಕಟಪ್ಪ ಹುಟ್ಟಿದ್ದು ಹಾಗೆ. ನಲವತ್ತು ವರ್ಷವಾದರೂ ಆ ಚೊಂಬು ನೀರನ್ನು ಅವಳು ಒಂದು ಸೋಮವಾರವೂ ತಪ್ಪಿಸಿರಲಿಲ್ಲ.

"ಈ ಮರ ಮುಟ್ಟಿದ್ರೆ ನನ್ ಮಗನ್ ಮುಟ್ಟಿದಂಗೆ," ಎಂದಳು.

"ನಿಮ್ ಮಗನ್ಗೋಸ್ಕರನೇ ಅತ್ತೆ ಕಟ್ತಿರಾದು," ಎಂದಳು ವೆಂಕಟರತ್ನಮ್ಮ. "ಅವ್ರಿಗೆ ಆಲು ಬೇಕು, ಮೊಟ್ಟೆ ಬೇಕು. ಮರ ಕೊಡ್ತದಾ?"

ಸೊಣ್ಣಪ್ಪ ನಡುವೆ ಬಾಯಿ ಹಾಕಿದ. ಅವನಿಗೂ ಒಂದು ತೊಡಕಿತ್ತು.

"ನನ್ ಆಳ್ಗುಳು ಅರಳಿಗೆ ಕೊಡ್ಲಿ ಆಕಲ್ಲ ಕಣವ್ವ. ಮನೆಯೋರು ಮೊದಲ್ನೇ ಏಟು ಆಕ್ಬೇಕು. ಪಾಪ ಅವರ್ ತಲೆ ಮೇಲೆ ಓದ್ಮೇಲೆ, ಮಿಕ್ಕಿದ್ದು ನಾವ್ ನೋಡ್ಕಂತೀವಿ. ಎಲ್ಲಾ ಕಡೆನೂ ಇದೇ ಪದ್ಧತಿ."

ಆಂಜಿನಪ್ಪ ಕೊಡಲಿಯ ಕಡೆ ನೋಡಿದ, ಅತ್ತಿಗೆಯ ಕಡೆ ನೋಡಿದ, ಬೀಡಿ ಹಚ್ಚಿದ. ಡಿಪೋದಲ್ಲಿ ದಿನಕ್ಕೆ ನೂರು ಮರ ಎತ್ತಿ ಹಾಕುವವನಿಗೆ ಈ ಒಂದು ಮರಕ್ಕೆ ಕೈ ಬರಲಿಲ್ಲ.

ಮೂರು ದಿನ ಮನೆಯಲ್ಲಿ ಅತ್ತೆ ಸೊಸೆ ಒಟ್ಟಿಗೆ ಉಣ್ಣಲಿಲ್ಲ. ನಾಲ್ಕನೆಯ ದಿನ ಮುದುಕಿಯೇ ದಾರಿ ಹುಡುಕಿದಳು. ಬೆಳಿಗ್ಗೆ ರಾಗಿ ಬೀಸುತ್ತಿದ್ದ ಸೊಸೆಯ ಎದುರು ಕೂತು, ಕಲ್ಲಿನ ಗೂಟಕ್ಕೆ ತಾನೂ ಕೈ ಹಾಕಿ, ಪಡುವಲ ಕಡೆ ಕಟ್ಟಿಕೊಳ್ಳಿ ಎಂದಳು.

"ಅಲ್ಲಿ ಒಂಗೆ ಅವಲ್ಲ."

"ಒಂಗೆ ತಾನೆ. ಅದೇನ್ ದೇವ್ರಾ? ಒಂಬತ್ತೂ ಕಡೀರಿ."

ಹೊಂಗೆಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಮುದುಕಿಯ ಗಂಡ ಗೊಬ್ಬರದ ಸೊಪ್ಪಿಗೂ ದೀಪದ ಎಣ್ಣೆಗೂ ಆಗಲಿ ಅಂತ ಬೇಲಿಯಗುಂಟ ನೆಟ್ಟಿದ್ದ. ನೆಟ್ಟ ವರ್ಷವೇ ಆಚೆ ಮಣ್ಣು ಸುರಿಯಲು ಶುರುಮಾಡಿದ್ದರು. ಮರವೂ ದಿಬ್ಬವೂ ಒಟ್ಟಿಗೆ ಬೆಳೆದವು. ಹೊಂಗೆಯ ಎಲೆಗಳ ಮೇಲ್ಮೈ ಯಾವಾಗಲೂ ಬೂದಿ ಬಣ್ಣವಾಗಿರುತ್ತಿತ್ತು, ಮೇಕೆಗಳು ಮೂಸಿ ಬಿಡುತ್ತಿದ್ದವು. ಹನ್ನೆರಡು ವರ್ಷದ ಕನಕ, ದೊಡ್ಡವೆಂಕಟಪ್ಪನ ಹಿರಿಯ ಮಗಳು, ಆ ಎಲೆಗಳ ಮೇಲೆ ಬೆರಳಿನಿಂದ ಅಕ್ಷರ ಬರೆದು ತಮ್ಮಂದಿರಿಗೆ ತೋರಿಸುತ್ತಿದ್ದಳು. ಹೊಂಗೆ ಎಲೆ ಇರುವುದೇ ಹಾಗೆ ಎಂದು ಆ ಮನೆಯವರೆಲ್ಲ ತಿಳಿದುಕೊಂಡಿದ್ದರು.

ದೊಡ್ಡವೆಂಕಟಪ್ಪನ ಮಂಚ ಇದ್ದದ್ದೂ ಆ ಹೊಂಗೆಗಳ ಕೆಳಗೇ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮಲಗಿರುತ್ತಿದ್ದ. ಅಲ್ಲಿದ್ದರೆ ಉಸಿರು ಸ್ವಲ್ಪ ಸಲೀಸು ಎನ್ನುತ್ತಿದ್ದ. ಆಂಜಿನಪ್ಪ ಹೋಗಿ, ಮರ ಕಡಿಯೋದಾ ಅಣ್ಣ ಎಂದು ಕೇಳಿದ. ದೊಡ್ಡವೆಂಕಟಪ್ಪ ಕೊಂಬೆಗಳನ್ನು ಸ್ವಲ್ಪ ಹೊತ್ತು ನೋಡಿದ. ಅಮ್ಮ ಏನಂದಳು ಎಂದು ವಿಚಾರಿಸಿದ. ಆಮೇಲೆ, ಹಾಗೇ ಮಾಡಿ ಎಂದು ಮಗ್ಗುಲಾದ.

ಕೊಂಬೆಗಳು ತಗಡಿಗೆ ತಾಗುತ್ತವೆಂದು ಒಂಬತ್ತೂ ಹೊಂಗೆ ಕಡಿದರು, ಮೂರು ದಿನಕ್ಕೆ ಎಲ್ಲ ನೆಲ ಕಂಡವು. ಬೇರು ಅಗೆಯುವುದು ತಡವಾಗುತ್ತದೆಂದು ಸೊಣ್ಣಪ್ಪ ಬುಡಗಳನ್ನು ಹಾಗೇ ಬಿಟ್ಟು, ಅವುಗಳಿಗೆ ಬೆನ್ನು ಮಾಡಿ ಆರು ರೂಮಿನ ಸಾಲು ಎಬ್ಬಿಸಿದ. ಯುಗಾದಿಗೆ ಗೋಡೆ ಮುಗಿದು ತಗಡು ಬಿತ್ತು. ಒಬ್ಬಟ್ಟಿನ ದಿನವೇ ಮೂರು ರೂಮಿಗೆ ಜನ ಬಂದರು. ತಿಂಗಳಾಗುವುದರಲ್ಲಿ ಆರೂ ತುಂಬಿದವು. ಕೊನೆಯ ರೂಮಿಗೆ ಬಂದವನು ಪೆರುಮಾಳ್, ಗಣಿಯಲ್ಲಿ ಲೋಡು ಎಳೆಯುವವನು. ಅವನ ಹೆಂಡತಿ ಮಾರಿಯಮ್ಮನ ಕಂಕುಳಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಇದಕ್ಕೆ ಮುಂಚೆ ಅವರು ಇನ್ನೊಂದು ಸಂಸಾರದ ಜೊತೆ ಒಂದೇ ಕೋಣೆಯಲ್ಲಿ ಸೀರೆಯ ಮರೆ ಕಟ್ಟಿಕೊಂಡಿದ್ದರಂತೆ. ಮಾರಿಯಮ್ಮ ಆ ರೂಮಿನ ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ನಕ್ಕಳು.

ಮನೆಗೆ ಹಾಲು ಬಂತು. ಸಾರಿನಲ್ಲಿ ಬೇಳೆ ಕಂಡಿತು. ವೆಂಕಟರತ್ನಮ್ಮ ದಿನಾ ಬೆಳಿಗ್ಗೆ ಗಂಡನಿಗೆ ಮೊಟ್ಟೆ ಬೇಯಿಸಿ ಸುಲಿದು ಕೊಡುತ್ತಿದ್ದಳು. ಅವನ ಕೆನ್ನೆಯಲ್ಲಿ ಒಂದಿಷ್ಟು ಕಳೆ ಬಂದಾಗ ಅತ್ತೆ ಸೊಸೆ ಇಬ್ಬರೂ ಅದನ್ನು ಪರಸ್ಪರ ತೋರಿಸಿಕೊಂಡರು. ಬೇಸಿಗೆಯ ಆ ಎರಡು ತಿಂಗಳು ಆ ಮನೆ ಸಂತೋಷವಾಗಿತ್ತು ಎಂದರೆ ಸುಳ್ಳಲ್ಲ.

ಆಷಾಢ ಬಂತು. ಪಡುವಲ ಗಾಳಿ ಎದ್ದಿತು.

ಆ ಸೀಮೆಯಲ್ಲಿ ಆಷಾಢದ ಗಾಳಿಗೆ ಮಳೆ ಇರುವುದಿಲ್ಲ, ಬರೀ ರಭಸ. ದಿಬ್ಬದ ತಲೆಯಿಂದ ಬೂದಿ ಮಣ್ಣು ಎದ್ದು, ಬೀಳುಹೊಲ ದಾಟಿ, ತಗಡಿನ ಸೂರಿನ ಮೇಲೆ ಹಾಯ್ದು ನೇರವಾಗಿ ಅಂಗಳಕ್ಕೆ ಇಳಿಯಿತು. ಮೂವತ್ತು ವರ್ಷದಲ್ಲಿ ಆ ಅಂಗಳ ಅಂಥದ್ದನ್ನು ಕಂಡಿರಲಿಲ್ಲ. ಒಲೆಯ ಮೇಲಿನ ಎಸರಿನಲ್ಲಿ ಧೂಳು, ಬಾವಿಯ ನೀರಿನ ಮೇಲೆ ಧೂಳು, ಮಕ್ಕಳ ಹುಬ್ಬಿನಲ್ಲಿ ಧೂಳು. ಮುದ್ದೆ ನುಂಗಿದರೆ ಹಲ್ಲಿನಡಿಯಲ್ಲಿ ಕರಕರ ಎನ್ನುತ್ತಿತ್ತು. ಕನಕ ಹೊಸಿಲ ಮೇಲೆ ಬೆರಳಿನಿಂದ ಅಕ್ಷರ ಬರೆದು, ನೋಡಜ್ಜಿ, ಹೊಂಗೆ ಎಲೆ ಮೇಲೆ ಇರ್ತಿತ್ತಲ್ಲ ಅದೇ ಇದು ಎಂದಳು.

ಮುನಿಗಂಗಮ್ಮ ಹೊಸಿಲನ್ನೇ ನೋಡುತ್ತ ನಿಂತಳು. ಹುಡುಗಿ ಹೇಳಿದ್ದು ಆಗಲೇ ಅರ್ಥವಾಗಿತ್ತು.

ದೊಡ್ಡವೆಂಕಟಪ್ಪನ ಕೆಮ್ಮು ಒಂದು ವಾರದಲ್ಲಿ ಹಗಲು ರಾತ್ರಿ ಒಂದು ಮಾಡಿತು. ವೆಂಕಟರತ್ನಮ್ಮ ಕಿಟಕಿಗೆ ಒದ್ದೆ ಗೋಣಿ ಕಟ್ಟಿದಳು. ಗಂಟೆಗೊಮ್ಮೆ ನೀರು ಚಿಮುಕಿಸಬೇಕು, ಇಲ್ಲವಾದರೆ ಒಣಗಿ ಗೋಣಿಯೇ ಧೂಳು ಉದುರಿಸುತ್ತಿತ್ತು. ನೀರು ಸೇದಿ ಸೇದಿ ಅವಳ ಅಂಗೈ ಬೊಬ್ಬೆ ಬಂತು. ಒಳಗೆ ಕೂತರೆ ಉಸಿರುಕಟ್ಟುತ್ತದೆ ಎಂದು ಅವನು, ಹೊರಗೆ ಧೂಳು ಎಂದು ಅವಳು. ಕೊನೆಗೆ ಮುದುಕಿಯ ಮಾತಿನಂತೆ ಮಂಚವನ್ನು ಅರಳಿಯ ಕೆಳಗೆ ಹಾಕಿದರು. ಮರವೇನೋ ದೊಡ್ಡದು. ಆದರೆ ಅದು ನಿಂತಿದ್ದದ್ದು ಮೂಡಲಿಗೆ, ಗಾಳಿ ಬರುತ್ತಿದ್ದದ್ದು ಪಡುವಲಿಂದ. ಧೂಳು ಮೊದಲು ದೊಡ್ಡವೆಂಕಟಪ್ಪನ ಮುಖಕ್ಕೆ ಬಂದು, ಆಮೇಲೆ ಅರಳಿಗೆ ತಾಗುತ್ತಿತ್ತು.

ಅತ್ತೆ ಸೊಸೆಯ ಜಗಳ ಮತ್ತೆ ಎದ್ದದ್ದು ಬಾವಿಯ ಕಟ್ಟೆಯ ಮೇಲೆ. ರೂಮು ಕಟ್ಟಿಸಿ ನನ್ನ ಮಗನ ಬಾಯಿಗೆ ಮಣ್ಣು ಹಾಕಿದೆ ಎಂದು ಮುನಿಗಂಗಮ್ಮ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು. ವೆಂಕಟರತ್ನಮ್ಮ ಕೊಡ ಕೆಳಗಿಟ್ಟಳು.

"ನಾನ್ ಕೇಳಿದ್ದು ಈ ಜಾಗ, ಅತ್ತೆ. ಒಂಗೆ ಕಡೀರಿ ಅಂತ ನಾನ್ ಅಂದ್ನಾ?"

ಬಾಡಿಗೆಯ ಹೆಂಗಸರು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದರು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇಲ್ಲ. ನಾನೇ ಅಂದೆ," ಎಂದಳು.

ಅದೇ ಸಂಜೆ ಅವಳು ಮಗನ ಮಂಚದ ಬಳಿ ಗಂಜಿ ಹಿಡಿದು ಕೂತಳು. ಅವನಿಗೆ ಗಾಳಿಯ ಕಡೆ ಬೆನ್ನು ಮಾಡಿಸಿ, ತಾನು ಸೆರಗು ಅಗಲ ಮಾಡಿ ಅಡ್ಡ ಹಿಡಿದುಕೊಂಡಿದ್ದಳು. ನಾಲ್ಕು ಚಮಚ ಗಂಜಿ ಹೋಗುವಷ್ಟರಲ್ಲಿ ಎರಡು ಸಲ ಕೆಮ್ಮು ಬಂತು.

"ಆ ದೂಳು ಒಂಗೆ ತಡೀತಿತ್ತು ಅಂತ ನಿಂಗೆ ಗೊತ್ತಿರ್ಲಿಲ್ವಾ ಮಗ?"

"ಗೊತ್ತಿತ್ತಮ್ಮ."

"ಗೊತ್ತಿದ್ದೂ ಯಾಕ್ಲಾ ಸುಮ್ಕಿದ್ದೆ?"

ಅವನು ಉಸಿರು ಸಿಗುವವರೆಗೆ ಕಾದ. "ಒಂಗೆ ಕಡೀಬೇಡಿ ಅಂದಿದ್ರೆ ನಿನ್ ಅರಳಿ ಓಗ್ತಿತ್ತು. ಎಲ್ಡೂ ಬೇಡ ಅಂದಿದ್ರೆ ರೂಮು ಓಗ್ತಿತ್ತು. ನಾನೆಂಗೂ ಓಗೋನೇ ಅಲ್ವಾ. ಉಡುಗ್ರು ಉಣ್ಬೇಕಲ್ಲ."

ಮುನಿಗಂಗಮ್ಮನಿಗೆ ಅಳು ತಡೆಯಲಾಗಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವನ ಕೂದಲಿನಿಂದ ಬೂದಿ ಮಣ್ಣು ಕೊಡವುತ್ತ ಕೂತಳು. ಕೊಡವಿದಷ್ಟೂ ಬೀಳುತ್ತಿತ್ತು.

ಆಷಾಢದ ಅಮಾವಾಸ್ಯೆಗೆ ಎರಡು ದಿನ ಮುಂಚೆ, ಮಧ್ಯಾಹ್ನ, ಒದ್ದೆ ಗೋಣಿ ಕಟ್ಟಿದ ಕೋಣೆಯಲ್ಲಿ ದೊಡ್ಡವೆಂಕಟಪ್ಪ ತೀರಿಕೊಂಡ. ವೆಂಕಟರತ್ನಮ್ಮ ಆ ಹೊತ್ತಿಗೆ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಸುದ್ದಿ ಕೇಳಿ ಬಂದವಳು ಕೊಡದ ನೀರನ್ನು ಚೆಲ್ಲಲಿಲ್ಲ. ತಂದು ಗೋಣಿಗೆ ಚಿಮುಕಿಸಿ, ಆಮೇಲೆ ಅವನ ಪಕ್ಕದಲ್ಲಿ ಕೂತು ತಲೆ ಚಚ್ಚಿಕೊಂಡಳು. ಹೆಣ ಎತ್ತುವಾಗಲೂ ಗಾಳಿ ನಿಂತಿರಲಿಲ್ಲ. ಹೊತ್ತವರೆಲ್ಲ ಮೂಗಿಗೆ ಟವೆಲು ಕಟ್ಟಿಕೊಂಡಿದ್ದರು.

ತಿಥಿ ಮುಗಿದ ಮೇಲಿನ ಸೋಮವಾರ ಮುನಿಗಂಗಮ್ಮ ಅರಳಿಗೆ ನೀರು ಹೊಯ್ಯಲಿಲ್ಲ. ಯಾರೂ ಕೇಳಲೂ ಇಲ್ಲ. ಬಾಡಿಗೆಯವರಲ್ಲಿ ಇಬ್ಬರು ಮೂವರಿಗೆ ಕೆಮ್ಮು ಹತ್ತಿತ್ತು, ಮಾರಿಯಮ್ಮನ ಕೂಸಿಗೂ. ಆದರೂ ರೂಮು ಬಿಟ್ಟು ಯಾರೂ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ದಿಬ್ಬವಿಲ್ಲದ ಕಡೆ ರೂಮಿರಲಿಲ್ಲ.

ಶ್ರಾವಣದ ಕೊನೆಯಲ್ಲಿ ಎರಡು ಮಳೆ ಬಿತ್ತು, ಧೂಳು ಅಡಗಿತು. ರೂಮುಗಳ ಹಿಂದೆ ಸೌದೆ ಆಯಲು ಹೋದ ಮುದುಕಿ ಅಲ್ಲಿ ಹೊಂಗೆಯ ಬುಡಗಳು ಚಿಗುರಿರುವುದನ್ನು ಕಂಡಳು. ಒಂಬತ್ತರಲ್ಲಿ ಏಳು. ತೊಗಟೆಯ ಅಂಚಿನಿಂದ ಗೇಣುದ್ದದ ಕುಡಿಗಳು ಎದ್ದಿದ್ದವು, ಎಲೆ ಇನ್ನೂ ಮೃದು, ಮೇಲೆ ಬೂದಿ ಇರಲಿಲ್ಲ. ಅವಳು ಸೌದೆ ಅಲ್ಲೇ ಬಿಟ್ಟು, ಮುಳ್ಳುಕಂಟಿ ತಂದು ಒಂದೊಂದಕ್ಕೂ ಬೇಲಿ ಇಟ್ಟಳು. ಮಾರಿಯಮ್ಮ ಕೂಸನ್ನು ಎತ್ತಿಕೊಂಡು ಬಂದು ನೋಡುತ್ತ ನಿಂತಳು. ಅವರ ತಮಿಳಿನಲ್ಲಿ ಅಜ್ಜಿಗೆ ಪಾಟಿ ಎನ್ನುತ್ತಾರೆ.

"ಪಾಟಿ, ಇದು ಪೆರಿಸಾ, ದೊಡ್ಡದಾಗೋಕೆ ಎಷ್ಟು ವರ್ಷ ಆಗುತ್ತೆ?"

"ಗಾಳಿ ತಡೆಯಂಗೆ ಆಗ್ಬೇಕಂದ್ರೆ ಎಂಟು ವರ್ಸ."

ಮಾರಿಯಮ್ಮ ಕೂಸಿನ ಬೆನ್ನು ಸವರಿದಳು. ಅದು ಕೆಮ್ಮುತ್ತಿತ್ತು.

ಅದೇ ವಾರ ಸೊಣ್ಣಪ್ಪ ಮತ್ತೆ ಹಗ್ಗ ಹಿಡಿದು ಬಂದ. ಕರೆಸಿದ್ದು ವೆಂಕಟರತ್ನಮ್ಮ. ಗಂಡನಿಲ್ಲದ ಮೇಲೆ ಮೂರು ಮಕ್ಕಳನ್ನು ಸಾಕಬೇಕು, ಕನಕನಿಗೆ ನಾಳೆ ಗಂಡು ನೋಡಬೇಕು, ಮೈದುನ ತನ್ನ ಸಂಸಾರ ಮಾಡಿಕೊಂಡರೆ ಅವನನ್ನು ಕೇಳುವ ಹಾಗಿಲ್ಲ. ಇನ್ನು ನಾಲ್ಕು ರೂಮು ಬೇಕು ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಅದರಲ್ಲಿ ತಪ್ಪೂ ಇರಲಿಲ್ಲ. ರೂಮಿನ ಸಾಲಿನ ಹಿಂದೆ, ಬೇಲಿಯವರೆಗೆ ಇರುವ ಪಟ್ಟಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಸಾಲು ಕಟ್ಟಬಹುದು, ಒಂದು ಗೋಡೆ ಉಳಿಯುತ್ತದೆ ಎಂದ ಮೇಸ್ತ್ರಿ. ಆ ಪಟ್ಟಿಯಲ್ಲೇ ಹೊಂಗೆಯ ಬುಡಗಳಿದ್ದವು. ಈ ಸಲ ಬೇರು ಸಮೇತ ತೆಗೆಯಬೇಕು, ಇಲ್ಲವಾದರೆ ಗೋಡೆ ಸೀಳುತ್ತವೆ ಎಂದೂ ಹೇಳಿದ.

ಮುನಿಗಂಗಮ್ಮ ಮುಳ್ಳುಬೇಲಿಯ ಹತ್ತಿರ ನಿಂತಿದ್ದಳು.

"ಇಲ್ಲಿ ಬೇಡ. ಬಾವಿ ತಾವ ಕಟ್ಕಳ್ಳಿ."

ಅಲ್ಲಿ ಅರಳಿ ಇದೆಯಲ್ಲ ಎಂದು ಆಂಜಿನಪ್ಪ ನೆನಪು ಮಾಡಿದ.

"ಐತೆ. ಕಡೀರಿ."

ಸೊಣ್ಣಪ್ಪ ಎಲೆಯಡಿಕೆ ಉಗಿದು, ತನ್ನ ಆಳುಗಳ ಮಾತು ಹಿಂದೆಯೇ ಹೇಳಿದ್ದೇನಲ್ಲ, ಮೊದಲ ಏಟು ಮನೆಯವರದ್ದು ಎಂದ. ಆಂಜಿನಪ್ಪ ಹಿಂದೆ ಸರಿದು ನಿಂತ. ಮುದುಕಿ ಗೋಡೆಗೆ ಒರಗಿಸಿದ್ದ ಕೊಡಲಿಯನ್ನು ಎತ್ತಿಕೊಂಡಳು. ಎತ್ತಿದ ಭಾರಕ್ಕೆ ಅವಳ ಭುಜ ಒಂದು ಕಡೆ ಜಗ್ಗಿತು. ಹಾಗೇ ಅಂಗಳ ದಾಟಿ ಅರಳಿಕಟ್ಟೆಯತ್ತ ನಡೆದಳು.

ವೆಂಕಟರತ್ನಮ್ಮ ಓಡಿ ಬಂದು ಕೈ ಹಿಡಿದಳು. ಮಾಘದಲ್ಲಿ ಇದೇ ಮರ ಹೋಗಲಿ ಎಂದು ಮೂರು ದಿನ ಅತ್ತೆಯ ಜೊತೆ ಉಣ್ಣುವುದನ್ನೇ ಬಿಟ್ಟವಳು ಅವಳೇ.

"ಬೇಡಿ ಅತ್ತೆ. ನಾಕು ರೂಮು ಬೇಡ, ಬುಡಿ. ಇದನ್ನ ಸುತ್ತಿ ಅವ್ರನ್ನ ಎತ್ತ ತಾಯಿ ನೀವು."

"ಇದನ್ನ ಉಳ್ಸಾಕೋಗೇ ಅವ್ನನ್ನ ಕಳ್ಕಂಡೆ. ಬುಡು ಕೈಯ."

ವೆಂಕಟರತ್ನಮ್ಮ ಕೈ ಬಿಟ್ಟಳು.

ಮುನಿಗಂಗಮ್ಮ ಕಟ್ಟೆ ಹತ್ತಿ, ನಲವತ್ತು ವರ್ಷ ನೀರು ಹೊಯ್ದ ಬುಡದ ಮೇಲೆ ನಿಂತು ಕೊಡಲಿ ಬೀಸಿದಳು. ಏಟು ಆಳಕ್ಕೇನೂ ಇಳಿಯಲಿಲ್ಲ, ಎರಡು ಬೆರಳಿನಷ್ಟು ತೊಗಟೆ ಎದ್ದಿತು ಅಷ್ಟೆ. ಆ ಗಾಯದಿಂದ ಬಿಳಿ ಹಾಲು ಒಸರಿತು. ಅವಳು ಅದನ್ನು ನೋಡಿದಳು. ಕೊಡಲಿಯನ್ನು ಸೊಣ್ಣಪ್ಪನ ಕೈಗೆ ಕೊಟ್ಟು ಕೆಳಗಿಳಿದಳು.

ಅರಳಿಗೆಂದು ಇಟ್ಟಿದ್ದ ಹಿತ್ತಾಳೆ ಚೊಂಬು ಬಾವಿಯ ಕಟ್ಟೆಯ ಮೇಲೆ ಇತ್ತು. ಅದನ್ನು ತುಂಬಿಸಿಕೊಂಡು ರೂಮುಗಳ ಹಿಂದಕ್ಕೆ ಹೋದಳು. ಏಳು ಚಿಗುರಿಗೂ ಹೊಯ್ಯುವಷ್ಟು ನೀರು ಒಂದು ಚೊಂಬಿನಲ್ಲಿ ಆಗಲಿಲ್ಲ. ಮೂರನೆಯದಕ್ಕೆ ಖಾಲಿಯಾಗಿ, ಅವಳು ಮತ್ತೆ ಬಾವಿಗೆ ಬಂದಾಗ ಆಳುಗಳು ಅರಳಿಯ ಸುತ್ತ ನಿಂತಿದ್ದರು, ಮರದಿಂದ ಕಾಗೆಗಳು ಎದ್ದಿದ್ದವು. ಅವಳು ನೀರು ಸೇದಿದಳು. ಕೊನೆಯ ರೂಮಿನೊಳಗೆ ಮಾರಿಯಮ್ಮನ ಕೂಸು ಇನ್ನೂ ಕೆಮ್ಮುತ್ತಿತ್ತು.